ಗದ್ದೆಯ ಉಸಿರು ಅಳೆಯಲು ಹೋಗಿ ನನ್ನ ಕಾಲನ್ನೇ ಅಳೆದೆ

ಮಂಡ್ಯ ಕಡೆಯ ಒಂದು ಭತ್ತದ ಗದ್ದೆ, ವಿಶ್ವೇಶ್ವರಯ್ಯ ನಾಲೆಯ ನೀರು. ನನ್ನ ತೋಳಲ್ಲಿ ಒಂದು ಮೀಟರ್ ಎತ್ತರದ ಅಕ್ರಿಲಿಕ್ ಪೆಟ್ಟಿಗೆ, ಹೆಗಲಲ್ಲಿ ಸಿರಿಂಜುಗಳ ಚೀಲ. ಬದುವಿನ ಮೇಲೆ ಕೂತಿದ್ದ ಗದ್ದೆ ಯಜಮಾನರು, ನಾನು ತಾತ ಅಂತಲೇ ಕರೆಯೋದು, ಕೇಳಿದರು: "ಗಾಳಿ ಹಿಡಿಯಕ್ಕೆ ಬಂದಿದ್ದೀಯೇನವ್ವ?"

ಹೌದು, ಕೆಲಸ ಅದೇ. ಗದ್ದೆಯಲ್ಲಿ ನೀರು ನಿಂತರೆ ಕೆಸರಿಗೆ ಆಮ್ಲಜನಕ ಸಿಗಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ, ಭೂಮಿಯ ಬಿಸಿ ಏರಿಸುವ ಅನಿಲ. ಅದು ಜಾಸ್ತಿ ಪಾಲು ಮೇಲೆ ಬರುವುದು ಭತ್ತದ ಗಿಡದ ಒಳಗಿಂದಲೇ. ಬೇರಿಗೆ ಗಾಳಿ ಇಳಿಸುವ ಪೊಳ್ಳು ಕೊಳವೆಗಳೇ ಮೀಥೇನಿಗೂ ದಾರಿ. ಅದಕ್ಕೇ ಪೆಟ್ಟಿಗೆ ಅಷ್ಟು ಎತ್ತರ. ತೆನೆ ಬಂದ ಪೈರನ್ನೂ ಬಗ್ಗಿಸದೆ ಮುಚ್ಚಬೇಕು.

ಗೋಪುರ ನಿಲ್ಲಿಸಿ, ಗಾಳಿಯ ಸುಳಿಯನ್ನು ಸೆಕೆಂಡಿಗೆ 10 ಸಲ ಅಳೆಯುವ ವಿಧಾನವೂ ಇದೆ. ಒಂದೇ ಬೆಳೆಯ ದೊಡ್ಡ ಬಯಲಿಗೆ ಅದು ಚೆನ್ನ. ನಮ್ಮಲ್ಲಿ ಒಂದು ತುಂಡು ಭತ್ತ, ಪಕ್ಕದಲ್ಲಿ ಕಬ್ಬು, ಅದರಾಚೆ ತೆಂಗು. ಯಾರ ಗಾಳಿ ಅಂತ ಹೇಳುವುದು? ಪೆಟ್ಟಿಗೆಯೇ ಸರಿ ಅನ್ನಿಸಿತು. ಖರ್ಚೂ ಕಡಿಮೆ.

50 ಸೆಂಟಿಮೀಟರ್ ಉದ್ದ, 30 ಅಗಲದ ಅಲ್ಯೂಮಿನಿಯಂ ಚೌಕಟ್ಟನ್ನು ಮುಂಚೆಯೇ ಕೆಸರಿಗೆ ಒತ್ತಿ ಬಿಟ್ಟಿರುತ್ತೇನೆ. ಅದರ ಅಂಚಿನಲ್ಲಿ ಕಾಲುವೆಯಂತೆ ಒಂದು ತೋಡು. ತೋಡಿಗೆ ನೀರು ತುಂಬಿ ಪೆಟ್ಟಿಗೆ ಕೂರಿಸಿದರೆ ಗಾಳಿ ಸೋರಲ್ಲ. ಒಳಗೆ ಬ್ಯಾಟರಿಯ ಪುಟ್ಟ ಫ್ಯಾನ್, ಒಂದು ಥರ್ಮಾಮೀಟರ್. ಕೂರಿಸಿದ ತಕ್ಷಣ ಒಂದು ಸಿರಿಂಜು ಗಾಳಿ, 15 ನಿಮಿಷಕ್ಕೆ ಇನ್ನೊಂದು, 30ಕ್ಕೆ ಮತ್ತೊಂದು. ಸಿರಿಂಜಿನ ಬಾಯಿಗೆ ಆಸ್ಪತ್ರೆಯಲ್ಲಿ ಡ್ರಿಪ್‌ಗೆ ಹಾಕುವ ಪ್ಲಾಸ್ಟಿಕ್ ತಿರುಪು. ಮೆಡಿಕಲ್ ಶಾಪಿನವರು ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಕೇಳಿದ್ದರು. ಬೆಳಗ್ಗೆ 9ರಿಂದ 11ರೊಳಗೆ ಮುಗಿಸುತ್ತೇನೆ. ಆ ಹೊತ್ತಿನ ಮಣ್ಣಿನ ಬಿಸಿ ಇಡೀ ದಿನದ ಸರಾಸರಿಗೆ ಹತ್ತಿರ ಇರುತ್ತದೆ.

ಲೆಕ್ಕ ಕಷ್ಟವೇನಲ್ಲ. ಪೆಟ್ಟಿಗೆ ಹಿಡಿಯುವುದು 150 ಲೀಟರ್ ಗಾಳಿ. ಅರ್ಧ ಗಂಟೆಯಲ್ಲಿ ಮೀಥೇನ್ 2 ಪಿಪಿಎಂನಿಂದ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 2 ಪಾಲು) 5ಕ್ಕೆ ಏರಿದರೆ, 30 ಡಿಗ್ರಿ ಬಿಸಿಯಲ್ಲಿ, ಚದರ ಮೀಟರಿಗೆ ಗಂಟೆಗೆ ಸುಮಾರು 3.9 ಮಿಲಿಗ್ರಾಂ. ಒಳಗೆ ನಿಂತ ನೀರಿನ ಎತ್ತರವನ್ನು ಪೆಟ್ಟಿಗೆಯ ಎತ್ತರದಿಂದ ಕಳೆಯಲು ಮಾತ್ರ ಮರೆಯಬಾರದು. ನಾನು ಮರೆತಿದ್ದೆ.

ಆದರೆ ಮೊದಲ ಬೆಳೆಯ ಅಂಕಿಗಳು ಕೆಟ್ಟಿದ್ದು ಅದರಿಂದ ಅಲ್ಲ. ಹೊರಗಿನ ಗಾಳಿಯಲ್ಲೇ ಮೀಥೇನ್ 2 ಪಿಪಿಎಂ ಒಳಗೆ ಇರುತ್ತದೆ. ಮೊದಲ ಸಿರಿಂಜಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಸಿಗಬೇಕು. ನನಗೆ 12 ಸಿಕ್ಕಿತು, ಇನ್ನೊಂದು ದಿನ 20. ಆಮೇಲಿನ ಎರಡು ಸಿರಿಂಜಿನಲ್ಲಿ ಅದು ಏರುವ ಬದಲು ಅಲ್ಲೇ ನಿಂತಿರುತ್ತಿತ್ತು. ಸಿರಿಂಜಿನ ಗಾಳಿಯಲ್ಲಿ ಯಾವ ಅನಿಲ ಎಷ್ಟಿದೆ ಅಂತ ಹೇಳುವ ಲ್ಯಾಬಿನ ಮೆಷಿನ್, ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಕೆಟ್ಟಿದೆ ಅಂತ ಜಗಳಕ್ಕೇ ಹೋಗಿದ್ದೆ. ಅಳತೆ ಗೊತ್ತಿರುವ ಗ್ಯಾಸ್ ಹಾಕಿ ನೋಡಿದರೆ ಮೆಷಿನ್ ಸರಿಯಾಗಿಯೇ ಹೇಳುತ್ತಿತ್ತು.

ಕಂಡುಹಿಡಿದಿದ್ದು ತಾತ. "ನೀನು ಕಾಲಿಟ್ಟ ಕಡೆಯೆಲ್ಲಾ ಗುಳ್ಳೆ ಏಳ್ತದೆ ಕಣವ್ವ, ನೋಡ್ಕೊಂಡಿದ್ದೀಯಾ?"

ನೋಡಿಯೇ ಇರಲಿಲ್ಲ. ಕೆಸರಿನಲ್ಲಿ ಮೀಥೇನ್ ಗುಳ್ಳೆಗಳಾಗಿ ಸಿಕ್ಕಿಕೊಂಡಿರುತ್ತದೆ. ನಾನು ಪೆಟ್ಟಿಗೆ ಪಕ್ಕ ತುಳಿದಾಗೆಲ್ಲ ಅದು ಒಂದೇ ಸಲ ಮೇಲೆದ್ದು ಒಳಗೆ ಸೇರುತ್ತಿತ್ತು. ಆ ಬೆಳೆಯ ಅಂಕಿಗಳಲ್ಲಿ ಮುಕ್ಕಾಲು ಪಾಲು ಎಸೆದೆ. ಅಳು ಬಂತು ಅಂದರೆ ಸುಳ್ಳಲ್ಲ.

ಮುಂದಿನ ಬೆಳೆಗೆ ನಾಟಿ ಆದ ಕೂಡಲೇ ಬದುವಿನಿಂದ ಚೌಕಟ್ಟಿನವರೆಗೆ ಹಲಗೆ ಹಾಕಿಸಿದೆವು. ಕಂಬ ನೆಟ್ಟು, ಮಣ್ಣಿಗೆ ಭಾರ ಬೀಳದ ಹಾಗೆ. ಅದರ ಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ನಡೆದೆ. ಮೂರೂ ಚುಕ್ಕೆ ಒಂದೇ ಗೆರೆಯಲ್ಲಿ ಬಂದ ದಿನ ಆ ಗ್ರಾಫನ್ನು ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಅವರಿಗೇನೂ ಅರ್ಥ ಆಗಲಿಲ್ಲ, ಸುಮ್ನೆ ಒಂದು ಹೂವು ಕಳಿಸಿದರು.

ಆ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟರು, ಕೆಲವು ದಿನ ಇದೆ, ಕೆಲವು ದಿನ ಇಲ್ಲ. ಗದ್ದೆ ಒಣಗಿ ಕೂದಲೆಳೆಯ ಬಿರುಕು ಬಿಟ್ಟಾಗ ಮೀಥೇನ್ ಗೆರೆ ಮಲಗಿಬಿಟ್ಟಿತು. ಇಷ್ಟಕ್ಕೇ ಖುಷಿಪಟ್ಟರೆ ಮೋಸ ಹೋಗುತ್ತೇವೆ. ಒಣಗಿ ನೆನೆಯುವ ಮಣ್ಣಿಗೆ ಯೂರಿಯಾ ಬಿದ್ದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದೂ ಬಿಸಿ ಏರಿಸುವ ಅನಿಲವೇ. ಬಿಸಿ ಏರಿಸುವುದರಲ್ಲಿ, 100 ವರ್ಷದ ಲೆಕ್ಕದಲ್ಲಿ, ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ 273 ಕಿಲೋಗೆ ಸಮ. ಮೀಥೇನ್ ಅದರ ಹತ್ತನೇ ಒಂದು ಭಾಗ ಅಷ್ಟೆ. ನೈಟ್ರಸ್ ಆಕ್ಸೈಡಿನ ಆ ಏರು ಕೆಲವೇ ದಿನ ಇರುತ್ತದೆ. ವಾರಕ್ಕೊಮ್ಮೆ ಹೋಗುವವರ ಕೈಗೆ ಸಿಗಲ್ಲ. ಗೊಬ್ಬರ ಹಾಕಿದ ಮರುದಿನದಿಂದ ದಿನಾ ಹೋಗಬೇಕು.

ಹಾಗಾಗಿ ತಾತನಿಗೆ ನನ್ನ ನಂಬರ್ ಕೊಟ್ಟು ಬಂದಿದ್ದೆ. ಒಂದು ಬೆಳಗ್ಗೆ ಐದೂವರೆಗೆ ಫೋನ್ ಬಂತು. "ಇವತ್ತು ಯೂರಿಯಾ ಎರಚ್ತೀನಿ ಕಣವ್ವ. ನಿನ್ನ ಡಬ್ಬ ತಕ್ಕೊಂಡು ಬಾ. ಹಲಗೆ ತೊಳೆದಿಟ್ಟಿದ್ದೀನಿ."