ಟೋಕಿಯೊಗೆ ಹೋಗೋರಿಗೆ: ಸುಶಿ, ಟೀಮ್‌ಲ್ಯಾಬ್ ಎರಡೂ ಒಂದೇ ದಿನ

ಟೋಕಿಯೊದಲ್ಲಿ ಒಂದು ದಿನ ಮಿಕ್ಕಿದ್ರೆ ತೊಯೊಸು ಕಡೆ ಹೋಗಿ. ತ್ಸುಕಿಜಿಯಲ್ಲಿದ್ದ ಸಗಟು ಮೀನು ಮಾರುಕಟ್ಟೆ 2018ರಲ್ಲಿ ಇಲ್ಲಿಗೆ ಬಂತು. ಯುರಿಕಾಮೊಮೆ ರೈಲಲ್ಲಿ ಶಿಜೊಮಾಯೆ ಸ್ಟೇಷನ್ನಲ್ಲಿ ಇಳೀರಿ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೇದು, ಮಧ್ಯಾಹ್ನ ಕಳೀತಿದ್ದಂಗೆ ಸುಶಿ ಅಂಗಡಿಗಳು ಬಾಗಿಲು ಹಾಕ್ತವೆ. ಭಾನುವಾರ ರಜೆ, ಕೆಲವು ಬುಧವಾರವೂ ರಜೆ.

ಸುಶಿ ಅಂದ್ರೆ ಸಾಮಾನ್ಯವಾಗಿ ಅನ್ನದುಂಡೆ ಮೇಲೆ ಹಸಿ ಮೀನಿನ ತುಂಡು. ಕೈಯಲ್ಲೇ ತಿನ್ನಬಹುದು, ನಮಗೆ ಅದೇ ಸಲೀಸು. ಸೋಯಾ ಸಾಸ್‌ಗೆ ಮೀನಿನ ಬದಿ ತಾಗಿಸಿ. ಅನ್ನ ಅದ್ದಿದ್ರೆ ಉದುರಿಹೋಗುತ್ತೆ. ವಾಸಾಬಿಯನ್ನ ಸಾಮಾನ್ಯವಾಗಿ ಒಳಗೇ ಸವರಿರ್ತಾರೆ, ಸೀದಾ ಮೂಗಿಗೇರೋ ಖಾರ. ಬೇಡ ಅಂದ್ರೆ ‘ಸಾಬಿ ನುಕಿ’ ಅನ್ನಿ. ಸಸ್ಯಾಹಾರಿಗಳಿಗೆ ಸೌತೆಕಾಯಿಯ ಕಪ್ಪಾ ಮಾಕಿ ಇದೆ, ಆದ್ರೆ ಅದಕ್ಕೋಸ್ಕರ ಇಷ್ಟು ದೂರ ಬರಬೇಡಿ!

ಪಕ್ಕದ ಸ್ಟೇಷನ್ ಶಿನ್‌ತೊಯೊಸು, ಡಿಜಿಟಲ್ ಕಲೆಯ ಮ್ಯೂಸಿಯಂ ಟೀಮ್‌ಲ್ಯಾಬ್ ಪ್ಲಾನೆಟ್ಸ್ ಅಲ್ಲೇ. ಚಪ್ಪಲಿ ಲಾಕರಲ್ಲಿಟ್ಟು ಬರಿಗಾಲಲ್ಲಿ ಒಳಗೆ. ಒಂದು ಕೋಣೇಲಿ ಮೊಣಕಾಲುದ್ದ ನೀರು, ಅದರ ಮೇಲೆ ಬೆಳಕಿನ ಮೀನು. ನಿಮ್ಮ ಕಾಲಿಗೆ ಬಡಿದ ಮೀನು ಹೂವಾಗಿ ಚದುರಿಹೋಗುತ್ತೆ. ನಾನು ಬಿಗಿ ಜೀನ್ಸ್ ಹಾಕ್ಕೊಂಡು ಹೋಗಿ, ಮೇಲೆ ಮಡಚೋಕಾಗದೆ ಸಂಜೆವರೆಗೂ ಒದ್ದೆ ಬಟ್ಟೇಲೇ ಓಡಾಡಿದೆ. ಸಡಿಲ ಪ್ಯಾಂಟ್ ಹಾಕಿ. ನೆಲಕ್ಕೂ ಕನ್ನಡಿ ಇರೋದ್ರಿಂದ ಲಂಗ ಬೇಡ. ಟಿಕೆಟ್ಟಿಗೆ ಸಮಯ ನಿಗದಿ ಇರುತ್ತೆ, ಊರಿಂದ ಹೊರಡೋ ಮುಂಚೆಯೇ ಬುಕ್ ಮಾಡಿ.