ಸ್ವಂತ ಫೋನು, ಕಂಪನಿ ಆ್ಯಪ್: ವರ್ಕ್ ಪ್ರೊಫೈಲ್‌ನಿಂದ ಬಗೆಹರಿದದ್ದು

ಮಂಗಳೂರು ಬಂದರಿನ ಸಗಟು ಅಂಗಡಿಯ ಸೇಲ್ಸ್‌ನವರು ಆರ್ಡರ್ ಹಾಕುವುದು ಸ್ವಂತ ಆಂಡ್ರಾಯ್ಡ್ ಫೋನಿನಲ್ಲೇ. ಇಡೀ ಫೋನನ್ನು ಕಂಪನಿ ಹಿಡಿತಕ್ಕೆ ಕೊಡಿ ಎಂದರೆ ಯಾರೂ ಒಪ್ಪಲಿಲ್ಲ, ಒಪ್ಪಲೂಬಾರದು. ವರ್ಕ್ ಪ್ರೊಫೈಲ್ (ಫೋನಿನೊಳಗೆ ಕಂಪನಿ ಆ್ಯಪ್‌ಗಳಿಗೇ ಇರುವ ಪ್ರತ್ಯೇಕ ಜಾಗ, ಕಂಪನಿಯ ಹಿಡಿತ ಅಷ್ಟಕ್ಕೇ) ಹಾಕಿದ ಮೇಲೆ ತಕರಾರು ಮುಗಿಯಿತು: ಖಾಸಗಿ ಫೋಟೋ, ಮೆಸೇಜು ಅಡ್ಮಿನ್‌ಗೆ ಕಾಣುವುದಿಲ್ಲ, ಕೆಲಸ ಬಿಟ್ಟವರ ಫೋನಿನಿಂದ ಅಳಿಸುವುದು ಆ ಪ್ರೊಫೈಲನ್ನು ಮಾತ್ರ. ಅದಕ್ಕೆ 6 ಅಂಕಿಯ ಬೇರೆ ಪಿನ್ ಇಟ್ಟು, ಹೊರಗಿನ ಆ್ಯಪ್‌ಗೆ ಕಾಪಿ-ಪೇಸ್ಟ್ ಬಂದ್ ಮಾಡಿದೆವು.

ಕೆಲವು ಫೋನುಗಳಲ್ಲಿ ಸೆಟಪ್ ಅರ್ಧಕ್ಕೇ ನಿಂತಿತು. ಕಾರಣ, ಮೊದಲೇ ಇದ್ದ ಸೆಕೆಂಡ್ ಸ್ಪೇಸ್, ಅಂದರೆ ಕೆಲವು ಫೋನುಗಳಲ್ಲಿ ಬಳಕೆದಾರರೇ ಮಾಡಿಕೊಳ್ಳುವ ಎರಡನೇ ಪ್ರತ್ಯೇಕ ಜಾಗ. ಅದನ್ನು ತೆಗೆದರೆ ಒಳಗಿದ್ದದ್ದೂ ಹೋಗುತ್ತದೆ, ಮೊದಲು ಬ್ಯಾಕಪ್ ಮಾಡಿಸಿ. ಸಿಂಕ್ ತಡವಾದರೆ ಆ್ಯಪ್‌ನ ಬ್ಯಾಟರಿ ನಿರ್ಬಂಧ ತೆಗೆಯಿರಿ.

ಗೋಡೌನಿನ ಫೋನುಗಳು ಕಂಪನಿಯವೇ, ಅವಕ್ಕೆ ಪೂರ್ಣ ನಿಯಂತ್ರಣ: ಫ್ಯಾಕ್ಟರಿ ರೀಸೆಟ್, ಸ್ವಾಗತ ಪರದೆಯ ಮೇಲೆ 6 ಸಲ ಒತ್ತಿ ಅಡ್ಮಿನ್ ಕೊಡುವ ಕ್ಯೂಆರ್ ಸ್ಕ್ಯಾನ್.