ಬದಿಯಡ್ಕದ ನಮ್ಮ ಮನೆಯ ವಿಷು ಕಣಿ

ಏಪ್ರಿಲ್ 14 ಅಥವಾ 15ಕ್ಕೆ ಬರುವ ವಿಷು ಕಾಸರಗೋಡು ಕಡೆಯ ನಮಗೆ ಹೊಸ ವರ್ಷ. ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ದೇವರ ಕೋಣೆಯಲ್ಲಿ ಕಣಿ, ಅಂದರೆ ಬೆಳಗ್ಗೆ ಎದ್ದೊಡನೆ ಮೊದಲು ನೋಡುವ ಶುಭವಸ್ತುಗಳನ್ನು, ಇಡಿ. ಹರಿವಾಣದಲ್ಲಿ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿ ಹರಡಿ, ತೆಂಗಿನಕಾಯಿ, ಹಳದಿ ಸೌತೆಕಾಯಿ, ಮಾವು, ಗೇರುಹಣ್ಣು, ಚಿನ್ನದ ಸರ ಜೋಡಿಸಿ. ಹಿಂದೆ ಕನ್ನಡಿ ನಿಲ್ಲಿಸಿ. ನೋಡುವವರಿಗೆ ತಮ್ಮ ಮುಖವೂ ಕಾಣಬೇಕು. ಕಕ್ಕೆ ಹೂವನ್ನು ಮಾತ್ರ ಸಂಜೆಯೇ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದು ವರ್ಷ ಮಧ್ಯಾಹ್ನ ಕೊಯ್ದಿದ್ದೆ. ಬೆಳಗಾಗುವಾಗ ಎಸಳೆಲ್ಲ ಉದುರಿ ನನಗೆ ಅಳುವೇ ಬಂದಿತ್ತು.

ನಸುಕಿನಲ್ಲಿ ದೀಪ ಹಚ್ಚಿ, ಮಕ್ಕಳ ಕಣ್ಣು ಮುಚ್ಚಿ ಕರೆತನ್ನಿ. ಹಿರಿಯರ ಕಾಲಿಗೆರಗಿದವರ ಕೈಗೆ ನಾಣ್ಯ. ಊಟಕ್ಕೆ ತೊಂಡೆಕಾಯಿ, ಎಳೆ ಗೇರುಬೀಜದ ಪಲ್ಯ ಇರಲೇಬೇಕು. ಬೀಜದ ಸೊನೆ ಚರ್ಮ ಸುಡುತ್ತದೆ, ಬಿಡಿಸುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ.